ಜಾನ್‌ಖೋತರ ಹಿಂಬದಿ ಸೀಟು

ಬೆನ್ನ ಹಿಂದೆ ಕಣ್ಣು ಮುಚ್ಚಿ ಕುಳಿತವನ ಮಾತೊಂದನ್ನು ಬಿಟ್ಟರೆ ಜಾನ್‌ಖೋತರು ಈ ಜಗತ್ತಿನಲ್ಲಿ ಬೇರೆ ಯಾರ ಮಾತನ್ನೂ ನಂಬುತ್ತಿರಲಿಲ್ಲ. ಗಾಡಿಯ ಮಾಲೀಕ ಎಷ್ಟೇ ದೊಡ್ಡ ಮನುಷ್ಯನಾಗಿರಲಿ, ದುರಸ್ತಿ ಮುಗಿದ ಮೇಲೆ ಅವನು ತನ್ನದೇ ಮೋಟರ್‌ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂರಬೇಕು, ಮುಂದೆ ಜಾನ್‌ಖೋತರು ಕೂರುತ್ತಿದ್ದರು. ಅರಬ್ ನಾಡಿನ ನಮ್ಮೂರು ವಾದಿ ಸೀರ್‌ನಿಂದ ಇರಾಕ್ ಅಲ್-ಅಮೀರ್ ಎಂಬ ಹಳ್ಳಿಯ ಕಡೆಗೆ ಇಳಿಯುವ ರಸ್ತೆಯಲ್ಲಿ, ಕಣಗಿಲೆ ಗಿಡಗಳ ಪಕ್ಕದ ಸಮತಟ್ಟಾದ ಹರವಿನಲ್ಲಿ, ಎಕ್ಸಲರೇಟರನ್ನು ಒಂದೇ ಹದದಲ್ಲಿ ಹಿಡಿದು, ತರಕಾರಿ ಲಾರಿಗಳೂ ಹಾರನ್ ಹೊಡೆದು ಹಿಂದೆ ಹಾಕಿ ಹೋಗುವಷ್ಟು ನಿಧಾನವಾಗಿ ಅವರು ಗಾಡಿಯನ್ನು ನಡೆಸುತ್ತಿದ್ದರು. ಹಿಂದೆ ಕುಳಿತವನು ಕಣ್ಣು ಮುಚ್ಚಿಕೊಂಡಿರಬೇಕು, ಗಾಡಿ ಎಳ್ಳಷ್ಟು ಜಗ್ಗಿದಂತೆ ಅನ್ನಿಸಿದರೂ ಅವರ ಎಡಭುಜವನ್ನು ಒಮ್ಮೆ ತಟ್ಟಬೇಕು. ಆ ಹರವಿನ ಕೊನೆಯವರೆಗೂ ಭುಜದ ಮೇಲೆ ಕೈ ಬೀಳದಿದ್ದರೆ ಮಾತ್ರ ಅವರು ಗಾಡಿ ನಿಲ್ಲಿಸಿ, ಇಳಿದು, ಕೀಲಿಯನ್ನು ಮಾಲೀಕನ ಅಂಗೈಗೆ ಒತ್ತಿ, 'ಸರಿಹೋಯ್ತು' ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ದೇಶದ ಉತ್ತರ ತುದಿಯ ಇರ್ಬಿದ್‌ನಿಂದಲೂ ದಕ್ಷಿಣ ತುದಿಯ ಅಕಾಬಾದಿಂದಲೂ ಜನ ಗಾಡಿ ತರುತ್ತಿದ್ದರು.

ಅಬ್ದೂನ್ ಕಡೆಯ ಒಬ್ಬ ಶ್ರೀಮಂತ ವರ್ತಕ ತನ್ನ ಭಾರಿ ಜರ್ಮನ್ ಗಾಡಿ ತಂದಿದ್ದವನು ತಿರುವಿನಲ್ಲಿ ಭಯಬಿದ್ದು ಕಣ್ಣು ಬಿಟ್ಟುಬಿಟ್ಟನಂತೆ. ಕನ್ನಡಿಯನ್ನು ರಸ್ತೆಯ ಕಡೆಗಲ್ಲದೆ ಹಿಂದೆ ಕುಳಿತವನ ಮುಖದ ಕಡೆಗೆ ತಿರುಗಿಸಿಟ್ಟುಕೊಳ್ಳುತ್ತಿದ್ದ ಜಾನ್‌ಖೋತರಿಗೆ ಅದು ಕಾಣದೆ ಇರುತ್ತದೆಯೇ? ಅಲ್ಲಿಯೇ ಗಾಡಿ ತಿರುಗಿಸಿ ತಂದು, ನಿಮ್ಮ ಗಾಡಿಗೆ ರೋಗವಿಲ್ಲ, ರೋಗ ನಿಮ್ಮ ನಂಬಿಕೆಗೆ ಬಂದಿದೆ ಎಂದು ಕಳಿಸಿಬಿಟ್ಟರು. ಮುಂದಿನ ವಾರ ಆತ ತನ್ನ ಟೈಯಿಂದಲೇ ಕಣ್ಣು ಕಟ್ಟಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕುಳಿತದ್ದನ್ನು ನಾನು ನನ್ನ ಅಂಗಡಿಯಿಂದಲೇ ನೋಡಿದೆ. ಅವರ ಗ್ಯಾರೇಜಿನ ಎದುರಿಗೇ ನನ್ನದು ಕನ್ನಡಕದ ಅಂಗಡಿ, ಆದ್ದರಿಂದ ಅವರನ್ನು ನೋಡುವುದೇ ನನ್ನ ಅರ್ಧ ದಿನದ ಕೆಲಸವಾಗಿತ್ತು.

ನೋಡುವಂತೆಯೂ ಇದ್ದರು. ಎತ್ತರದ ಆಳು, ಸೊಂಟ ಸಪೂರ, ಎಪ್ಪತ್ತರ ಹತ್ತಿರದಲ್ಲೂ ನೆಟ್ಟಗಿನ ಬೆನ್ನು. ನಡೆಯುವಾಗ ಮಾತ್ರ ಎರಡೂ ಮೊಣಕೈಗಳನ್ನು ಹೊರಚಾಚಿ, ಮುಂದೆ ಹಿಡಿಕೆಯೊಂದು ಇದೆಯೆಂಬಂತೆ ಬೆರಳುಗಳನ್ನು ಅರೆಮಡಿಸಿಕೊಂಡೇ ನಡೆಯುತ್ತಿದ್ದರು. ಬೇಸಿಗೆ ಚಳಿಗಾಲಗಳೆನ್ನದೆ ತೊಡುತ್ತಿದ್ದದ್ದು ಒಂದೇ ನೀಲಿ ಕೆಲಸದ ಕೋಟು. ಆ ಕೋಟಿನ ಎದೆಯ ಮೇಲೆ ಎರಡು ಕಡೆಯೂ ಸಾಲಾಗಿ ಸಣ್ಣ ಸಣ್ಣ ಜೇಬುಗಳನ್ನು ಹೊಲಿಸಿಕೊಂಡಿದ್ದರು. ನಮ್ಮ ಚೆರ್ಕೆಸ್ ಹಿರಿಯರು ಕಾಕಸಸ್ಸಿನ ಬೆಟ್ಟಗಳಲ್ಲಿ ಕುದುರೆ ಏರುತ್ತಿದ್ದ ಕಾಲಕ್ಕೆ ಎದೆಯ ಮೇಲಿನ ಅಂಥ ಜೇಬುಗಳಲ್ಲಿ ಕೋವಿಮದ್ದಿನ ಕೊಳವೆಗಳನ್ನು ಇಟ್ಟುಕೊಳ್ಳುತ್ತಿದ್ದರು. ಇಂದಿಗೂ ಮದುವೆಗಳಲ್ಲಿ ಕುಣಿಯುವ ಹುಡುಗರು ಆ ಉಡುಪನ್ನೇ ತೊಡುತ್ತಾರೆ. ಜಾನ್‌ಖೋತರ ಜೇಬುಗಳಲ್ಲಿ ಇರುತ್ತಿದ್ದದ್ದು ಕರೆಂಟಿನ ಹರಿವನ್ನು ತಡೆದು ತಗ್ಗಿಸುವ, ಬಣ್ಣಬಣ್ಣದ ಪಟ್ಟೆಗಳ ಪುಟ್ಟ ರೆಸಿಸ್ಟರುಗಳು. ಕಣ್ಣು ಹಾಯಿಸದೆ, ಬೆರಳಿನಿಂದಲೇ ಬೇಕಾದುದನ್ನು ಹೆಕ್ಕಿ ತೆಗೆಯುತ್ತಿದ್ದರು. ಪಡ್ಡೆಗಳು ಮರೆಯಲ್ಲಿ ಅವರನ್ನು 'ಸೇನಾಪತಿ' ಎಂದು ಕರೆದು ನಗುತ್ತಿದ್ದರು, ಎದುರಿಗೆ ಬಂದರೆ ಎದ್ದು ನಿಲ್ಲುತ್ತಿದ್ದರು.

ಅವರು ವಾಸಿಮಾಡುತ್ತಿದ್ದ ರೋಗದ ಬಗ್ಗೆಯೂ ಎರಡು ಮಾತು ಹೇಳಬೇಕು. ಕಾರ್ಬೊರೇಟರಿನ ಕಾಲ ಮುಗಿದು, ಪೆಟ್ರೋಲನ್ನು ಗಾಡಿಯೊಳಗಿನ ಕಂಪ್ಯೂಟರು, ಅಂದರೆ ಗಾಡಿಯ ಮಿದುಳೇ ಅಳೆದು ಚಿಮ್ಮಿಸುವ ಕಾಲ ಬಂದ ಮೇಲೆ, ಹೊಗೆ ಕಡಿಮೆಯಾಗಬೇಕೆಂಬ ದೂರದ ದೇಶಗಳ ಕಾನೂನಿಗೆ ತಲೆಬಾಗಿ ಕಾರ್ಖಾನೆಯವರು ಎಂಜಿನ್ನಿಗೆ ಹೊಟ್ಟೆ ತುಂಬ ಪೆಟ್ರೋಲು ಕೊಡುವುದನ್ನೇ ನಿಲ್ಲಿಸಿದರು. ವೇಗದಲ್ಲಿ ಓಡಿಸಿದರೆ ಗೊತ್ತಾಗುವುದಿಲ್ಲ. ಊರೊಳಗೆ, ಇಳಿಜಾರಿನಲ್ಲಿ, ಒಂದೇ ನಿಧಾನದ ಗತಿಯಲ್ಲಿ ಕೈ ಹಿಡಿದಾಗ ಅರೆಹೊಟ್ಟೆಯ ಎಂಜಿನ್ನು ಒಮ್ಮೆ ಮುಂದಕ್ಕೆ ತುಯ್ಯುತ್ತದೆ, ಒಮ್ಮೆ ಹಿಂದಕ್ಕೆ ಜಗ್ಗುತ್ತದೆ. ಓಡಿಸುವವನ ಕೈ ಅಲುಗದಿದ್ದರೂ ಗಾಡಿ ಅಲುಗುತ್ತದೆ. ಜಾನ್‌ಖೋತರು ಇದಕ್ಕೆ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿಯೊಂದನ್ನು ಮಾಡಿ ಗಾಳಿಯ ಬಿಸಿ ಅಳೆಯುವ ಸೆನ್ಸರಿಗೂ ಗಾಡಿಯ ಮಿದುಳಿಗೂ ನಡುವೆ ಕೂರಿಸುತ್ತಿದ್ದರು. ಹೊರಗಿನ ಗಾಳಿ ಇದ್ದದ್ದಕ್ಕಿಂತ ತಣ್ಣಗಿದೆಯೆಂದು ಆ ಡಬ್ಬಿ ಸುಳ್ಳು ಹೇಳುತ್ತದೆ. ಮಿದುಳು ಅದನ್ನು ನಂಬಿ ತುಸು ಹೆಚ್ಚು ಪೆಟ್ರೋಲು ಬಿಡುತ್ತದೆ, ಎಂಜಿನ್ನು ನೆಮ್ಮದಿಯಾಗುತ್ತದೆ.

ಅಂಚೆಯಲ್ಲಿ ತರಿಸಬಹುದಾದ ಸಿದ್ಧ ಡಬ್ಬಿಗಳೂ ಇದ್ದವು. ಯಾರೋ ತಂದುಕೊಟ್ಟ ಅಂಥದೊಂದನ್ನು ಅವರು ಒಡೆದು ನೋಡಿದಾಗ ಒಳಗೆ ಅಂಟಿನ ಮುದ್ದೆಯಲ್ಲಿ ಹೂತ ಒಂದೇ ಒಂದು ರೆಸಿಸ್ಟರು ಸಿಕ್ಕಿತು. ಮೋಸ ಮಾಡುವುದಕ್ಕೂ ಒಂದಿಷ್ಟು ಶ್ರದ್ಧೆ ಬೇಡವೇ ಎಂದು ಅವರು ಬಹಳ ಹೊತ್ತು ಕೊರಗಿದರು. ಗಾಡಿಯ ಮಿದುಳನ್ನು ಅವರು 'ಅತ್ತೆ' ಎನ್ನುತ್ತಿದ್ದರು. ಅತ್ತೆಗೆ ಕಣ್ಣು ತಪ್ಪಿಸಿ ಒಂದು ದಿನ ತುಪ್ಪ ಜಾಸ್ತಿ ಬಡಿಸಬಹುದು, ವಾರವಿಡೀ ಬಡಿಸಿದರೆ ಸಿಕ್ಕಿಬೀಳುತ್ತೀರಿ. ಸೈಲೆನ್ಸರಿನಲ್ಲಿ ಹೊಗೆ ಮೂಸುವ ಇನ್ನೊಂದು ಸೆನ್ಸರು ಇದೆ, ಅದು ಹೋಗಿ ಅತ್ತೆಗೆ ಚಾಡಿ ಹೇಳುತ್ತದೆ, ಅವಳು ಮತ್ತೆ ಕೈ ಬಿಗಿಮಾಡುತ್ತಾಳೆ. ಆದ್ದರಿಂದ ಚಾಡಿಕೋರನನ್ನೂ ಒಲಿಸಿಕೊಳ್ಳಬೇಕು, ಅತ್ತೆಯ ಮರ್ಯಾದೆಯನ್ನೂ ಉಳಿಸಬೇಕು, ಎರಡರ ನಡುವಿನ ಹದ ಪ್ರತಿ ಗಾಡಿಗೂ ಬೇರೆ ಎಂದು ವಿವರಿಸಿ, ಕೊನೆಗೆ 'ಹೌದೋ ಅಲ್ವೋ' ಎನ್ನುವರು. ಏನು ಹೇಳಿದರೂ ಕೊನೆಗೆ 'ಹೌದೋ ಅಲ್ವೋ' ಎಂದು ಸೇರಿಸಿ, ಉತ್ತರಕ್ಕಾಗಿ ನಿಜವಾಗಿ ಕಾಯುವುದು ಅವರ ಅಭ್ಯಾಸ. ಎದುರಿಗಿದ್ದವರೆಲ್ಲ 'ಹೌದು' ಎನ್ನುತ್ತಿದ್ದರು.

ಎನ್ನದೆ ವಿಧಿಯಿರಲಿಲ್ಲ. ನಮ್ಮ ಜನ ಕಾಕಸಸ್ಸಿನ ತಾಯ್ನಾಡು ಬಿಟ್ಟು ಇಲ್ಲಿಗೆ ಬರುವಾಗ ಮನೆಮಾರು ಕಳೆದುಕೊಂಡರೂ ಕಳೆದುಕೊಳ್ಳದೆ ತಂದದ್ದು ಖಾಬ್ಜೆಯನ್ನು, ಅಂದರೆ ನಡತೆಯ ಕಟ್ಟಳೆಯನ್ನು. ಹಿರಿಯನು ಒಳಗೆ ಬಂದರೆ ಏಳಬೇಕು, ಅವನು ಕೂರುವ ತನಕ ಕೂರಬಾರದು, ಅವನ ಮಾತಿಗೆ ಅಡ್ಡ ಮಾತಾಡಬಾರದು, ಅವನ ಕುಂದು ಕಂಡರೆ ಕಾಣದಂತೆ ಇರಬೇಕು. ನಾನೂ ಇದರಲ್ಲೇ ಬೆಳೆದವನು, ಇದರ ಚೆಲುವನ್ನು ಬಲ್ಲೆ. ಒಂದು ಕೋಣೆಯಲ್ಲಿ ಇಪ್ಪತ್ತು ಜನ ಯಾರ ದನಿಯೂ ಏರದಂತೆ ಊಟ ಮಾಡುವುದನ್ನು ನೋಡಿದವರಿಗೆ ಅದು ತಿಳಿಯುತ್ತದೆ. ನಮ್ಮ ಕೂಟಗಳ ಹಿರಿಯನನ್ನು 'ಥಾಮಾದೆ' ಎನ್ನುತ್ತೇವೆ. ವಾದಿ ಸೀರ್‌ನ ಮೋಟರ್‌ಸೈಕಲ್ ಸವಾರರೆಲ್ಲ ಜಾನ್‌ಖೋತರನ್ನು ಹಾಗೆಯೇ ಕರೆಯುತ್ತಿದ್ದರು, ಅವರ ಮುಂದೆ ಸಿಗರೇಟು ಆರಿಸುತ್ತಿದ್ದರು.

ಹೀಗಿರುವಾಗ ಒಂದು ಚಳಿಗಾಲದಲ್ಲಿ ಅವರ ಗ್ಯಾರೇಜಿನಿಂದ ಗಾಡಿಗಳು ಹೊರಬರುವುದೇ ಅಪರೂಪವಾಯಿತು. ಮೊದಲು ನನಗೆ ಅದು ಮಳೆಯ ಕಾರಣವೆಂದೇ ತೋರಿತ್ತು. ಆಮೇಲೆ ತಿಳಿದದ್ದು, ಯಾವ ಗಾಡಿಯನ್ನು ಪರೀಕ್ಷೆಗೆ ಒಯ್ದರೂ ಅದು ಅವರ ಕೈಯಲ್ಲಿ ಜಗ್ಗುತ್ತಿತ್ತು. ಹಿಂದೆ ಕುಳಿತ ಮಾಲೀಕ ಭುಜ ತಟ್ಟುತ್ತಿರಲಿಲ್ಲ. ಗಾಡಿ ನಿಲ್ಲಿಸಿ 'ಏನೂ ಗೊತ್ತಾಗಲಿಲ್ವೇ?' ಎಂದು ಕೇಳಿದರೆ, ಬೆಣ್ಣೆಯ ಹಾಗಿದೆ ಥಾಮಾದೆ, ಎನ್ನುತ್ತಿದ್ದ. ಆದರೆ ತಮ್ಮ ಕೈಗೆ ತಿಳಿದದ್ದನ್ನು ಅವರು ಅಲ್ಲಗಳೆಯುವುದು ಹೇಗೆ? ಸರಿಹೋಯ್ತು ಎಂಬ ಮಾತು ಬಾಯಿಂದ ಹೊರಡುತ್ತಿರಲಿಲ್ಲ. ಗಾಡಿಯನ್ನು ಮತ್ತೆ ಒಳಗೆ ತಳ್ಳಿ, ಡಬ್ಬಿ ಬಿಚ್ಚಿ, ಇನ್ನೊಂದು ರೆಸಿಸ್ಟರು ಹಾಕಿ, ಎಂಜಿನ್ನಿಗೆ ಇನ್ನಷ್ಟು ಪೆಟ್ರೋಲು ಉಣಿಸುತ್ತಿದ್ದರು. ಮತ್ತೆ ಪರೀಕ್ಷೆ, ಮತ್ತೆ ಜಗ್ಗಾಟ. ಕೊನೆಗೆ ಮಾಲೀಕರು ಒತ್ತಾಯ ಮಾಡಿ, ಕೈಮುಗಿಯುವುದೊಂದನ್ನು ಬಿಟ್ಟು ಎಲ್ಲ ಬಗೆಯಲ್ಲೂ ಕೇಳಿಕೊಂಡು, ಗಾಡಿಗಳನ್ನು ಒಯ್ದರು. ಒಯ್ಯುವಾಗ ಅವರು ಕೀಲಿಯನ್ನು ಅಂಗೈಗೆ ಒತ್ತುತ್ತಿರಲಿಲ್ಲ, ಬೆಂಚಿನ ಮೇಲೆ ಇಟ್ಟು ಅತ್ತ ತಿರುಗಿಕೊಳ್ಳುತ್ತಿದ್ದರು.

ಒಂದು ದಿನ ನನ್ನ ಅಂಗಡಿಗೆ ಬಂದು ಕನ್ನಡಕದ ನಂಬರು ಏರಿಸಲು ಹೇಳಿದರು. ಕಣ್ಣು ಪರೀಕ್ಷಿಸಿದೆ, ನಂಬರು ಬದಲಾಗಿರಲಿಲ್ಲ. ಹಾಗಾದರೆ ಬೆಸುಗೆಯ ತಂತಿಯೇ ಕಳಪೆ ಎಂದರು. ಕನ್ನಡಕವನ್ನು ಮಡಿಸಿ ಜೇಬಿಗೆ ಹಾಕುವಾಗ ಅದರ ಕಡ್ಡಿ ಗುಂಡಿಗೆ ತಾಕಿ ಸಣ್ಣಗೆ ಟಕಟಕ ಎಂದಿತು. ವೈದ್ಯರಿಗೆ ಒಮ್ಮೆ ತೋರಿಸಬಾರದೇ ಎಂದೆ. ಚಳಿಗೆ ಯಾರ ಕೈ ತಾನೇ ನಡುಗುವುದಿಲ್ಲ ಎಂದು ನಕ್ಕು ಹೊರಟುಹೋದರು. ಬೆಸುಗೆ ಹಾಕುವಾಗ ಅವರು ಮಣಿಕಟ್ಟನ್ನು ಮರದ ತುಂಡಿನ ಮೇಲೆ ಒರಗಿಸುತ್ತಿದ್ದುದರಿಂದ ಕೆಲಸಕ್ಕೆ ತೊಂದರೆಯಿರಲಿಲ್ಲ. ಚಹಾದ ಲೋಟ ಹಿಡಿದಾಗ ಕಾಣುವ ನಡುಕ ಎಕ್ಸಲರೇಟರು ಹಿಡಿದಾಗಲೂ ಇರಬಹುದೆಂಬ ಯೋಚನೆ ಅವರಿಗಂತೂ ಬರಲಿಲ್ಲ. ಐವತ್ತು ವರ್ಷ ಯಂತ್ರಗಳನ್ನು ಆಲಿಸಿದ ಆ ಕೈಯನ್ನು ಅನುಮಾನಿಸುವುದು ನಮಗೂ ಹೊಳೆಯಲಿಲ್ಲ. ಅವರ ಹೆಂಡತಿ ಮಾತ್ರ ಗ್ಯಾರೇಜಿಗೆ ಗಿಣ್ಣು ತುಂಬಿ ಕರಿದ ಹಲೀವಾ ಕಡುಬುಗಳನ್ನು ತಂದಾಗ ಎಲ್ಲರಿಗೂ ಲೋಟದ ಕಂಠದವರೆಗೆ ಚಹಾ ಸುರಿದು, ಅವರಿಗೊಬ್ಬರಿಗೆ ಅರ್ಧ ಲೋಟ ಕೊಡುತ್ತಿದ್ದರು. ಕೇಳಿದರೆ, ಅವರಿಗೆ ಬಿಸಿಯಾಗಿಯೇ ಬೇಕು, ಆಮೇಲೆ ಇನ್ನರ್ಧ ಕೊಡ್ತೀನಿ, ಎನ್ನುತ್ತಿದ್ದರು.

ವಸಂತದ ಹೊತ್ತಿಗೆ ಅವರು ಮಾತು ಕಡಿಮೆ ಮಾಡಿದ್ದರು. ನಮ್ಮ ಮುಂದೆ ಒಂದು ಸಂಗತಿಯನ್ನು ಮಾತ್ರ ಸ್ಪಷ್ಟವಾಗಿ ಹೇಳಿದರು: ಇನ್ನು ಒಂದೇ ಒಂದು ಗಾಡಿ ತೆಗೆದುಕೊಳ್ಳುವೆ, ಅದಕ್ಕೆ ಮನಸ್ಸಾಕ್ಷಿಯಾಗಿ 'ಸರಿಹೋಯ್ತು' ಎನ್ನಲಾಗದಿದ್ದರೆ ಬಾಗಿಲು ಎಳೆದುಬಿಡುವೆ. ಬೇರೆಯವರಿಗೆ ಅದು ಅಂಗಡಿಯೊಂದು ಮುಚ್ಚುವ ಮಾತು. ಅವರನ್ನು ಬಲ್ಲ ನನಗೆ ಹಾಗಲ್ಲ. ಆ ಒಂದು ಪದವನ್ನು ಹೇಳುವ ಹಕ್ಕು ಹೋದ ಮೇಲೆ ಆ ಮನುಷ್ಯನಲ್ಲಿ ಉಳಿಯುವುದೇನು ಎಂದು ನನಗೆ ತಿಳಿಯಲಿಲ್ಲ.

ಆ ಒಂದು ಗಾಡಿ ಲಾಶಿನ್ ಎಂಬ ಹುಡುಗಿಯದಾಯಿತು. ನಮ್ಮವಳೇ, ಬೆಟ್ಟದಾಚೆ ಕಿವುಡ ಮಕ್ಕಳ ಶಾಲೆಯೊಂದರಲ್ಲಿ ಟೀಚರು. ದಿನಾ ಹೋಗಿಬರಲು ಹಳೆಯದೊಂದು ಜಪಾನಿ ಗಾಡಿ ಕೊಂಡಿದ್ದಳು, ಅದು ಇಳಿಜಾರಿನಲ್ಲಿ ಜಗ್ಗುತ್ತಿತ್ತು. ಜಾನ್‌ಖೋತರು ಡಬ್ಬಿ ಕೂರಿಸಿ, ಅವಳನ್ನು ಹಿಂದೆ ಕೂರಿಸಿಕೊಂಡು ಹೊರಟರು. ಅರ್ಧ ದಾರಿಯಲ್ಲಿ ಅವಳು ಅವರ ಭುಜವನ್ನು ತಟ್ಟಿದಳು. ಅವರು ತಿರುಗಿ ನೋಡಿದರು. ಅವಳು ಕಣ್ಣು ಮುಚ್ಚಿಕೊಂಡೇ ಮತ್ತೊಮ್ಮೆ ತಟ್ಟಿದಳು.

ಅಂದು ಅವರು ಗ್ಯಾರೇಜಿಗೆ ಬಂದಾಗ ಹಬ್ಬದ ಕಳೆಯಿತ್ತು. ರಸ್ತೆ ದಾಟಿ ನೇರ ನನ್ನ ಅಂಗಡಿಗೆ ಬಂದರು.

"ಆ ಮಗೂಗೆ ಗೊತ್ತಾಯ್ತು ಕಣಯ್ಯ. ನನಗೇನು ಭ್ರಮೆ ಅಲ್ಲ. ಜಗ್ತಾ ಇತ್ತು, ಅವಳೂ ತಟ್ಟಿದಳು."

ಲಾಶಿನ್‌ಗೆ ಅಂದು ಸಂಜೆ ಸವಾರರ ಕಡೆಯಿಂದ ಬೈಗುಳ ಬಿತ್ತು. ಅವರಲ್ಲಿ ಮುಂದಾಳಿನಂತಿದ್ದ ಬಿಸ್ಲಾನ್ ಎಂಬುವನು, ಥಾಮಾದೆಯ ಮೈಮೇಲೆ ಕೈ ಹಾಕಲು ನಾಚಿಕೆಯಾಗಲಿಲ್ಲವೇ ಎಂದು ಕೇಳಿದನಂತೆ. ಅವಳಿಗೆ ಅದು ಅರ್ಥವೇ ಆಗಲಿಲ್ಲ. ಅವಳ ಶಾಲೆಯಲ್ಲಿ ಒಬ್ಬರನ್ನೊಬ್ಬರು ಕರೆಯುವುದೇ ಭುಜ ತಟ್ಟಿ. ನಾಲ್ಕು ವರ್ಷದ ಮಗು ಹೆಡ್ಮಾಸ್ಟರ ಭುಜ ತಟ್ಟುತ್ತದೆ, ಹೆಡ್ಮಾಸ್ಟರು ಮಂಡಿಯೂರಿ ತಿರುಗುತ್ತಾರೆ. ಅವರೇ ತಟ್ಟು ಅಂದ್ರು, ತಟ್ಟಿದೆ, ಎಂದಷ್ಟೇ ಅವಳ ಉತ್ತರ.

ಮುಂದಿನ ದಿನಗಳಲ್ಲಿ ಜಾನ್‌ಖೋತರು ಆ ಗಾಡಿಯ ಮೇಲೆ ತಮ್ಮ ಜೀವಮಾನದ ವಿದ್ಯೆಯನ್ನೆಲ್ಲ ಸುರಿದರು. ಬೆಳಿಗ್ಗೆ ಶಾಲೆಗೆ ಒಯ್ದ ಗಾಡಿಯನ್ನು ಲಾಶಿನ್ ಸಂಜೆ ತಂದು ಬಿಡುತ್ತಿದ್ದಳು. ಪ್ಲಗ್ಗು ಬದಲಿಸಿದರು, ಗಾಳಿ ಸೋರುವ ರಬ್ಬರು ಬದಲಿಸಿದರು, ಡಬ್ಬಿಯನ್ನು ಮತ್ತೆ ಮತ್ತೆ ಕಟ್ಟಿದರು. ವಿಚಿತ್ರವೆಂದರೆ ಡಬ್ಬಿ ಚೆನ್ನಾದಷ್ಟೂ ಜಗ್ಗಾಟ ಹೆಚ್ಚುತ್ತಿತ್ತು. ಈಗ ಯೋಚಿಸಿದರೆ ಅದರಲ್ಲಿ ವಿಚಿತ್ರವೇನೂ ಇಲ್ಲ. ಅರೆಹೊಟ್ಟೆಯ ಸೋಮಾರಿ ಎಂಜಿನ್ನು ಕೈಯ ಸಣ್ಣಪುಟ್ಟ ಅಲುಗಾಟವನ್ನು ಗಮನಿಸುವುದಿಲ್ಲ. ಹೊಟ್ಟೆ ತುಂಬಿ ಚುರುಕಾದ ಎಂಜಿನ್ನು ಬೆರಳು ಕೂದಲೆಳೆಯಷ್ಟು ಸರಿದರೂ ಓಗೊಡುತ್ತದೆ. ಅವರು ಗಾಡಿಯನ್ನು ಎಷ್ಟು ವಿಧೇಯವಾಗಿ ಮಾಡುತ್ತಿದ್ದರೋ ಅದು ಅಷ್ಟೇ ವಿಧೇಯವಾಗಿ ಅವರ ಕೈಯ ನಡುಕವನ್ನು ಚಕ್ರದವರೆಗೆ ಮುಟ್ಟಿಸುತ್ತಿತ್ತು. ಲಾಶಿನ್ ಪ್ರತಿ ಸಲವೂ ಹಿಂದೆ ಕುಳಿತು, ಕಣ್ಣು ಮುಚ್ಚಿ, ಭುಜ ತಟ್ಟುತ್ತಿದ್ದಳು.

ಏಪ್ರಿಲಿನ ಒಂದು ಶುಕ್ರವಾರ, ನಮಾಜು ಮುಗಿದ ಮೇಲೆ, ಸವಾರರಲ್ಲಿ ಕೆಲವರು ಗ್ಯಾರೇಜಿನಲ್ಲಿದ್ದರು. ನಾನೂ ಅಂಗಡಿ ಮುಚ್ಚಿ ಅಲ್ಲಿಗೇ ಹೋಗಿದ್ದೆ. ಲಾಶಿನ್ ಗಾಡಿ ಒಯ್ಯಲು ಬಂದಿದ್ದಳು. ಜಾನ್‌ಖೋತರು ತಲೆ ಎತ್ತದೆ, ಇದು ನನ್ನಿಂದ ಆಗೋದಲ್ಲ, ನಿನ್ನ ಗಾಡಿ ನೀನು ತೆಗೆದುಕೊ, ನಾಳೆಯಿಂದ ಬಾಗಿಲು ತೆರೆಯೋದಿಲ್ಲ ಎಂದರು. ಆಗ ಆ ಹುಡುಗಿ, ಬಹಳ ದಿನಗಳಿಂದ ಹೇಳಬೇಕೆಂದಿದ್ದು ಹೇಗೆ ಹೇಳಲಿ ಎಂದು ತಡವರಿಸಿದವಳಂತೆ, ನಿಧಾನಕ್ಕೆ ಹೇಳಿದಳು:

"ಥಾಮಾದೆ, ನಾನು ಒಬ್ಬಳೇ ಸ್ಕೂಲಿಗೆ ಹೋಗುವಾಗ ಇದು ಜಗ್ಗೋದಿಲ್ಲ."

"ನಿನಗೆ ಗೊತ್ತಾಗಲ್ಲ. ಓಡಿಸೋ ಗಮನದಲ್ಲಿ ಇರ್ತೀಯ. ಹೌದೋ ಅಲ್ವೋ?"

"ಅಲ್ಲ."

ಆ ಗ್ಯಾರೇಜಿನಲ್ಲಿ ಆ ಪ್ರಶ್ನೆಗೆ ಆ ಉತ್ತರ ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಬಿಸ್ಲಾನ್ ಒಂದು ಹೆಜ್ಜೆ ಮುಂದೆ ಬಂದ. ಜಾನ್‌ಖೋತರು ಕೈಯೆತ್ತಿ ಅವನನ್ನು ತಡೆದರು.

"ನೀವು ಹಿಂದೆ ಕೂತ್ಕೊಳ್ಳಿ," ಎಂದಳು ಲಾಶಿನ್. "ನಾನು ಓಡಿಸ್ತೀನಿ. ಕಣ್ಣು ಮುಚ್ಕೊಳ್ಳಿ. ಜಗ್ಗಿದರೆ ತಟ್ಟಿ."

ಆ ರಸ್ತೆಯಲ್ಲಿ ನಾಲ್ಕು ಕಾಫಿ ಅಂಗಡಿಗಳಿವೆ. ಶುಕ್ರವಾರ ಮಧ್ಯಾಹ್ನ ನಾಲ್ಕೂ ತುಂಬಿರುತ್ತವೆ. ಅಲ್ಲಿ ಕುಳಿತವರೆಲ್ಲ ಜಾನ್‌ಖೋತರ ಸರೀಕರು, ಅವರ ಜೊತೆ ಕುದುರೆ ಏರಿದವರು, ಮದುವೆಗಳಲ್ಲಿ ಕುಣಿದವರು. ಅವರ ಕಣ್ಣೆದುರಿಗೆ ಮೊಮ್ಮಗಳ ವಯಸ್ಸಿನ ಹುಡುಗಿಯ ಬೆನ್ನಿಗೆ ಕುಳಿತು ಹೋಗುವುದೆಂದರೇನೆಂದು ನನಗೆ ಗೊತ್ತಿತ್ತು, ಬಿಸ್ಲಾನ್‌ಗೆ ಗೊತ್ತಿತ್ತು, ಎಲ್ಲರಿಗಿಂತ ಹೆಚ್ಚಾಗಿ ಅವರಿಗೇ ಗೊತ್ತಿತ್ತು. ಆದರೆ ನಮ್ಮ ಖಾಬ್ಜೆಯಲ್ಲಿ ಹೆಣ್ಣು ಎದುರಾದರೆ ಸವಾರ ಕುದುರೆಯಿಂದ ಇಳಿಯಬೇಕೆಂಬ ಮಾತೂ ಇದೆ. ಅವರು ನೆನೆದದ್ದು ಅದನ್ನೋ, ಅಥವಾ ತಮ್ಮ ಗ್ಯಾರೇಜಿನ ಕಟ್ಟಳೆಯನ್ನೋ, ನಾನು ಕೇಳಲಿಲ್ಲ. ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು. ಗಾಡಿಯ ಬಳಿ ಹೋಗಿ, ಹಿಂದಿನ ಸೀಟಿನ ಮೇಲೆ ಕುಳಿತು, ಅಲ್ಲಿಯೇ ಕಣ್ಣು ಮುಚ್ಚಿದರು.

ಮುಂದಿನದು ಲಾಶಿನ್ ಹೇಳಿದ್ದು. ಕಾಫಿ ಅಂಗಡಿಗಳ ಮುಂದೆ ಹೋಗುವಾಗ ಮಾತುಗಳೆಲ್ಲ ನಿಂತುಹೋದವು. ಕಣಗಿಲೆಯ ಹರವು ಬಂದಾಗ ಅವಳು ಗತಿ ಇಳಿಸಿ, ಅವರು ಹೇಳಿಕೊಡುವ ಹಾಗೆಯೇ ಕೈಯನ್ನು ಒಂದೇ ಹದದಲ್ಲಿ ಹಿಡಿದಳು. ಗಾಡಿ ನೀರಿನ ಮೇಲೆ ಹೋದಂತೆ ಹೋಯಿತು. ಬಹಳ ದೂರ ಹಾಗೆಯೇ ಹೋದ ಮೇಲೆ ಅವರು ತಮ್ಮ ಬಲಗೈಯನ್ನು ಅವಳ ಭುಜದ ಮೇಲೆ ಇಟ್ಟರು. ಅವಳಿಗೆ ಅದು ತಟ್ಟಿದಂತೆ ತಿಳಿಯಿತು, ಒಂದಲ್ಲ, ಬಿಡದೆ, ಸಣ್ಣಗೆ. ಗಾಡಿ ಬದಿಗೆ ನಿಲ್ಲಿಸಿ, ಎಂಜಿನ್ನು ಆರಿಸಿ, ಎಲ್ಲಿ ಜಗ್ಗಿತು ಥಾಮಾದೆ ಎಂದು ಕೇಳಿದಳು.

"ನಾನು ತಟ್ಟಲಿಲ್ಲವಲ್ಲ," ಎಂದರು ಅವರು.

ಕೈ ಇನ್ನೂ ಅವಳ ಭುಜದ ಮೇಲೆಯೇ ಇತ್ತು. ಎಂಜಿನ್ನು ನಿಂತಿದ್ದರೂ ಅದೇ ಜಗ್ಗಾಟ, ಅದೇ ಗತಿಯಲ್ಲಿ, ಅವಳ ಮೂಳೆಗೆ ತಿಳಿಯುತ್ತಿತ್ತು. ಅವರು ಕಣ್ಣು ತೆರೆದು, ಆ ಕೈಯನ್ನು ಎತ್ತಿ ಮುಖದ ಹತ್ತಿರ ತಂದು, ಯಾರದೋ ಗಾಡಿಯಿಂದ ಬಿಚ್ಚಿ ತಂದ ಭಾಗವನ್ನು ನೋಡುವಂತೆ ನೋಡಿದರು. ಬೆಟ್ಟದ ಗಾಳಿಗೆ ಕಣಗಿಲೆಗಳು ಅಲುಗುತ್ತಿದ್ದವು. ಸ್ವಲ್ಪ ಹೊತ್ತಿನ ಮೇಲೆ ಅವರು ನಕ್ಕರು ಎಂದಳು ಲಾಶಿನ್, ಕುಣೀಲಾರದವಳು ನೆಲ ಡೊಂಕು ಅಂದಳಂತೆ, ಎಂದು ಹೇಳಿ ನಕ್ಕರು, ಆಮೇಲೆ ಎಷ್ಟೋ ಹೊತ್ತು ಅವಳ ಬೆನ್ನ ಹಿಂದೆ ಅತ್ತರು. ಅವಳು ತಿರುಗಿ ನೋಡಲಿಲ್ಲ. ಅವಳಿಗೂ ಖಾಬ್ಜೆ ಗೊತ್ತಿತ್ತು.

ಹಿಂತಿರುಗಿ ಬಂದಾಗ ಅವರ ಮುಖ ತೊಳೆದಿಟ್ಟಂತೆ ಇತ್ತು. ಇಳಿದು, ಗಾಡಿಯ ಕೀಲಿಯನ್ನು ಲಾಶಿನ್‌ಳ ಅಂಗೈಗೆ ಒತ್ತಿ, ಇಡೀ ಚಳಿಗಾಲ ಬಾಯಿಂದ ಹೊರಡದಿದ್ದ ಆ ಮಾತನ್ನು ಹೇಳಿದರು: ಸರಿಹೋಯ್ತು. ಆಮೇಲೆ ಬಿಸ್ಲಾನ್‌ನ ಕಡೆಗೆ ತಿರುಗಿದರು. ಚಳಿಗಾಲದಲ್ಲಿ ಅವನ ಗಾಡಿಯನ್ನೂ ಅವರು ಪರೀಕ್ಷೆಗೆ ಒಯ್ದಿದ್ದರು.

"ನೀನು ನನ್ನ ಹಿಂದೆ ಕೂತಿದ್ದೆ. ನಿನಗೆ ಜಗ್ಗಿದ್ದು ಗೊತ್ತಾಗಿತ್ತಾ?"

ಬಿಸ್ಲಾನ್ ತಲೆ ತಗ್ಗಿಸಿದ. ಎಲ್ಲರಿಗೂ ಗೊತ್ತಾಗಿತ್ತು ಎಂದು ಅವನ ನಿಲುವೇ ಹೇಳುತ್ತಿತ್ತು.

"ಯಾಕೆ ತಟ್ಟಲಿಲ್ಲ?"

"ನಿಮ್ಮ ಹೆಗಲ ಮೇಲೆ ಹೇಗೆ ಕೈ ಹಾಕಲಿ, ಥಾಮಾದೆ."

"ನಾನೇ ಕೇಳಿದ್ದೆನಲ್ಲೋ," ಎಂದರು ಜಾನ್‌ಖೋತರು. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು. "ನನ್ನ ಕೈ ರೋಗಕ್ಕೆ ನಿಮ್ಮ ಗಾಡಿಗಳಿಗೆಲ್ಲ ಔಷಧಿ ಕುಡಿಸಿಬಿಟ್ಟೆ. ಪೆಟ್ರೋಲು ಎಷ್ಟು ಕುಡೀತಿರಬೇಕು ಅವು. ಪ್ಲಗ್ಗು ಮಸಿ ಹಿಡಿದಿರಬೇಕು. ಅದನ್ನೂ ನೀವು ಯಾರೂ ಬಂದು ಹೇಳಲಿಲ್ಲ."

ಅದೂ ನಿಜವೇ ಆಗಿತ್ತು. ಗಾಡಿಗಳು ಕಪ್ಪು ಹೊಗೆ ಬಿಡುತ್ತಿದ್ದವು, ತಿಂಗಳಿಗೊಮ್ಮೆ ಪ್ಲಗ್ಗು ಕೈಕೊಡುತ್ತಿತ್ತು. ಮಾಲೀಕರು ಬೇರೆ ಊರಿಗೆ ಹೋಗಿ, ಅವರ ಕಿವಿಗೆ ಬೀಳದಂತೆ, ಪ್ಲಗ್ಗು ಬದಲಿಸಿಕೊಂಡು ಬರುತ್ತಿದ್ದರು. ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಿಸಿರಲಿಲ್ಲ, ಅದು ಥಾಮಾದೆ ಕೂರಿಸಿದ್ದು.

ಮರುದಿನ ಬಾಗಿಲು ತೆರೆಯಿತು. ಚಳಿಗಾಲದಲ್ಲಿ ಒಯ್ದ ಪ್ರತಿಯೊಂದು ಗಾಡಿಯೂ ಹಿಂದಕ್ಕೆ ಬರಬೇಕೆಂದು ಅವರು ಹೇಳಿಕಳಿಸಿದರು. ಮಣಿಕಟ್ಟನ್ನು ಮರದ ತುಂಡಿಗೆ ಒರಗಿಸಿ ಡಬ್ಬಿಗಳನ್ನು ಒಂದೊಂದಾಗಿ ಬಿಚ್ಚಿ ಹದ ಸರಿಪಡಿಸಿದರು. ವೈದ್ಯರಿಗೂ ತೋರಿಸಿದರು, ಅವರು ಕೊಟ್ಟ ಮಾತ್ರೆ ಚಹಾದ ಲೋಟಕ್ಕೆ ಸ್ವಲ್ಪ ನೆರವಾಯಿತು, ಎಕ್ಸಲರೇಟರಿಗೆ ಆಗಲಿಲ್ಲ. ಅಂದಿನಿಂದ ಪರೀಕ್ಷೆಯಲ್ಲಿ ಮಾಲೀಕನೇ ಮುಂದೆ ಕೂರಬೇಕಾಯಿತು, ಜಾನ್‌ಖೋತರು ಹಿಂದೆ ಕುಳಿತು ಕಣ್ಣು ಮುಚ್ಚುತ್ತಿದ್ದರು. ಬಿಸ್ಲಾನ್ ಮೊದಲ ಸಲ ಅವರಿಗೆ ಬೆನ್ನು ಮಾಡಿ ಕೂರಬೇಕಾದಾಗ ಕಣ್ಣಲ್ಲಿ ನೀರು ತಂದುಕೊಂಡ. ಹಿರಿಯನಿಗೆ ಬೆನ್ನು ತಿರುಗಿಸಬಾರದೆಂದು ಅವನಿಗೆ ತೊಟ್ಟಿಲಲ್ಲೇ ಕಲಿಸಿದ್ದರು. ಕೂತ್ಕೊಳ್ಳೋ ಕತ್ತೆ, ಹೊತ್ತಾಯ್ತು, ಎಂದು ಗದರಿಸಿ ಅವರು ಅವನ ಹಿಂದೆ ಹತ್ತಿದರು. ಕಾಫಿ ಅಂಗಡಿಗಳ ಮುಂದೆ ಗಾಡಿ ಹೋಗುವಾಗ ಅವರ ಸರೀಕರು ಮೊದಮೊದಲು ಸಭ್ಯತೆಗೆ ಮುಖ ಬೇರೆಡೆ ತಿರುಗಿಸುತ್ತಿದ್ದರು. ಬರಬರುತ್ತಾ ಅದು ತಪ್ಪಿತು, ನೋಡಿ ಕೈಯೆತ್ತತೊಡಗಿದರು.

ಮೂರು ವರ್ಷ ಹೀಗೆ ನಡೆಯಿತು. ಆಮೇಲೆ ನಡುಕ ಎಡಗೈಗೂ ಬಂತು, ಬೆಸುಗೆ ನಿಂತಿತು, ಮರು ಚಳಿಗಾಲದಲ್ಲಿ ಅವರೂ ತೀರಿಹೋದರು. ಆ ನೀಲಿ ಕೋಟನ್ನು ಅವರ ಹೆಂಡತಿ ಯಾರಿಗೂ ಕೊಡಲಿಲ್ಲ.

ಜಾನ್‌ಖೋತರಂಥವರು ಪ್ರತಿ ಊರಿನಲ್ಲಿಯೂ ಒಬ್ಬಿಬ್ಬರು ಇರುತ್ತಾರೆ. ಕಸುಬಿನ ವಿಷಯದಲ್ಲಿ ಅವರು ಯಾರನ್ನೂ ಬಿಡುವುದಿಲ್ಲ, ತಮ್ಮನ್ನಂತೂ ಮೊದಲೇ ಬಿಡುವುದಿಲ್ಲ. ಕುಂದು ಎಲ್ಲಿದೆಯೆಂದು ಜೀವಮಾನವೆಲ್ಲ ಹುಡುಕಿದ ಇವರು, ಅದು ತಮ್ಮಲ್ಲೇ ಇದೆಯೆಂದು ಗೊತ್ತಾದ ದಿನವೂ ಬೇರೆಯವರ ಗಾಡಿಯ ಬಗ್ಗೆ ಹೇಳುವ ದನಿಯಲ್ಲೇ ಅದನ್ನು ಹೇಳಬಲ್ಲರು. ಅಂಥವರಿಗೆ ನಾವು ಎದ್ದು ನಿಲ್ಲುತ್ತೇವೆ, ಸಿಗರೇಟು ಆರಿಸುತ್ತೇವೆ, ಕೇಳಿದ್ದಕ್ಕೆಲ್ಲ ಹೌದು ಎನ್ನುತ್ತೇವೆ, ಅವರಿಗೆ ನೋವಾಗಬಾರದೆಂದು ಮನೆಯವರಿಂದ ಹಿಡಿದು ಊರಿನವರ ತನಕ ಎಲ್ಲರೂ ಬಾಯಿ ಬಿಗಿಹಿಡಿಯುತ್ತೇವೆ. ನಮ್ಮ ಪ್ರೀತಿ ಸುಳ್ಳಲ್ಲ. ಆದರೆ ಆ ಚ‌ಳಿಗಾಲವೆಲ್ಲ ಅವರು ಅಷ್ಟು ಜನರ ನಡುವೆ ಒಬ್ಬರೇ ಇದ್ದರು, ಅವರನ್ನು ಒಂಟಿ ಮಾಡಿದ್ದು ಆ ಪ್ರೀತಿಯೇ.